ಮುಖಪುಟ ಬಿಡಿ, ಒಳಪುಟದ ಬೆನ್ನು ತಿರುಗಿಸಿ

ಗೆಳೆಯರೇ, ಒಂದು ಕೆಲಸ ಮಾಡಿ. ನಿಮ್ಮ ಮನೆಯಲ್ಲಿರುವ ಯಾವುದಾದರೂ ಐದು ಕನ್ನಡ ಪುಸ್ತಕ ಎತ್ತಿಕೊಳ್ಳಿ. ಮುಖಪುಟ ಬೇಡ, ಲೇಖಕರ ಫೋಟೋ ಬೇಡ. ಪುಸ್ತಕದ ಹೆಸರಿರುವ ಮೊದಲ ಹಾಳೆಯ ಬೆನ್ನು ತಿರುಗಿಸಿ. ಅಲ್ಲಿ ಸಣ್ಣ ಅಕ್ಷರದಲ್ಲಿ ನಾಲ್ಕು ಸಾಲು ಇರುತ್ತವೆ. ಪ್ರಕಾಶಕರು ಯಾರು, ಮುದ್ರಕರು ಯಾರು, ಯಾವ ವರ್ಷ, ಎಷ್ಟು ಪ್ರತಿ. ಓದುಗರು ಆ ಪುಟದ ಕಡೆ ಕಣ್ಣು ಹಾಯಿಸುವುದಿಲ್ಲ. ನಮ್ಮಂಥ ಪ್ರೆಸ್ಸಿನವರು ಮೊದಲು ಓದುವುದೇ ಅದನ್ನು. ಅಲ್ಲಿ ಹೆಂಗಸರ ಹೆಸರು ಎಷ್ಟಿವೆ? ನೀವೇ ಎಣಿಸಿ. ಒಂದು ಕೈ ಬೆರಳು ಮಡಿಸುವುದರೊಳಗೆ ಲೆಕ್ಕ ಮುಗಿದುಹೋಗುತ್ತದೆ.

ಕನ್ನಡದ ಹೆಂಗಸರು ಬರೆಯುತ್ತಾರೆ, ಅದನ್ನು ಯಾರೂ ಅಲ್ಲಗಳೆಯುವುದಿಲ್ಲ. ತ್ರಿವೇಣಿ, ಎಂ.ಕೆ. ಇಂದಿರಾ, ವೈದೇಹಿ... ಹೆಸರು ಹೇಳಿದರೆ ಸಾಕು. 2025ರಲ್ಲಿ ಬಾನು ಮುಷ್ತಾಕ್ ಅವರಿಗೆ ಅಂತಾರಾಷ್ಟ್ರೀಯ ಬೂಕರ್ ಬಂದಾಗ ನಾವೆಲ್ಲ ಎದೆಯುಬ್ಬಿಸಿಕೊಂಡು ಓಡಾಡಿದೆವು. ಸರಿ. ಆದರೆ ಪುಸ್ತಕ ಮಾಡುವುದು? ಅಂದರೆ ಕೈಯಿಂದ ದುಡ್ಡು ಹಾಕುವುದು, ಕಾಗದ ತರುವುದು, ಅಚ್ಚು ಹಾಕಿಸುವುದು, ಮಾರುವುದು, ಬಾಕಿ ವಸೂಲು ಮಾಡುವುದು? ಅದು ಗಂಡಸರ ಕಸುಬು ಎಂದು ಒಪ್ಪಿಕೊಂಡು ಕೂತಿದ್ದೇವೆ. ಈ ಮಾತು ಸುಳ್ಳು. ಸುಳ್ಳು ಎನ್ನುವುದಕ್ಕೆ ಸಾಕ್ಷಿ ಬೇರೆಲ್ಲೂ ಇಲ್ಲ, ನಮ್ಮ ಮೈಸೂರು ಜಿಲ್ಲೆಯಲ್ಲೇ ಇದೆ.

ಎಚ್.ಡಿ. ಕೋಟೆಯ ಕಬಿನಿ ನೀರು ಹರಿದು ನಂಜನಗೂಡಿಗೆ ಹೋಗುತ್ತದಲ್ಲ, ಆ ನಂಜನಗೂಡಿನಲ್ಲಿ 1887ರಲ್ಲಿ ಒಬ್ಬ ಹೆಣ್ಣುಮಗಳು ಹುಟ್ಟಿದರು. ತಿರುಮಲಾಂಬ. ಹತ್ತು ವರ್ಷಕ್ಕೆ ಮದುವೆ, ಹದಿನಾಲ್ಕಕ್ಕೆ ಗಂಡ ಹೋದರು. ಆ ಕಾಲದಲ್ಲಿ ಅಂಥ ಹುಡುಗಿಯ ಪಾಡು ಏನೆಂದು ನಿಮ್ಮ ಅಜ್ಜಿಯರನ್ನು ಕೇಳಿ. ಮೂಲೆ ಸೇರಬೇಕು, ಬಾಯಿ ಮುಚ್ಚಬೇಕು. ತಿರುಮಲಾಂಬ ಮನೆಯಲ್ಲೇ ಓದಿದರು, ಬರೆದರು. ಬರೆದು ಪೆಟ್ಟಿಗೆಯಲ್ಲಿ ಮುಚ್ಚಿಡಲಿಲ್ಲ. ಯಾವ ದೊಡ್ಡ ಮನುಷ್ಯರ ಬಾಗಿಲಿಗೂ ಹಸ್ತಪ್ರತಿ ಹಿಡಿದು ಹೋಗಿ ಕಾಯಲಿಲ್ಲ. 1913ರಲ್ಲಿ ‘ಸತೀ ಹಿತೈಷಿಣಿ’ ಎಂಬ ತಮ್ಮದೇ ಗ್ರಂಥಮಾಲೆ ಕಟ್ಟಿದರು. ‘ಸುಶೀಲೆ’ ಕಾದಂಬರಿ ಅದರಲ್ಲಿ ಬಂತು, ಮರುಮುದ್ರಣ ಕಂಡಿತು. ಅದು ಸಾಲದೆಂದು ‘ಕರ್ನಾಟಕ ನಂದಿನಿ’ ಎಂಬ ಪತ್ರಿಕೆ, ಆಮೇಲೆ ‘ಸನ್ಮಾರ್ಗದರ್ಶಿನಿ’ ಎಂಬ ಇನ್ನೊಂದು ಪತ್ರಿಕೆ. ಬರೆಯುವವರೂ ಅವರೇ, ಸಂಪಾದಕರೂ ಅವರೇ, ಪ್ರಕಾಶಕರೂ ಅವರೇ.

ಪ್ರೆಸ್ಸಿನ ಲೆಕ್ಕದಲ್ಲಿ ಇದನ್ನು ಸ್ವಲ್ಪ ಯೋಚಿಸಿ. ಆಗ ಕಂಪ್ಯೂಟರ್ ಇಲ್ಲ, ಆಫ್‌ಸೆಟ್ ಇಲ್ಲ. ಒಂದೊಂದು ಅಕ್ಷರಕ್ಕೂ ಸೀಸದ ಮೊಳೆ. ಒತ್ತಕ್ಷರಕ್ಕೆ ಬೇರೆ ಮೊಳೆ. ಒಂದು ಪುಟ ಜೋಡಿಸಿ, ಪ್ರೂಫ್ ತೆಗೆದು, ತಿದ್ದಿ, ಮತ್ತೆ ತೆಗೆದು, ಫಾರಂ ಹಾಕಿ, ಅಚ್ಚಾದ ಮೇಲೆ ಮೊಳೆಯನ್ನೆಲ್ಲ ಬಿಚ್ಚಿ ಖಾನೆಗೆ ಹಾಕಬೇಕು. ಕಾಗದದವನಿಗೆ ಮುಂಗಡ, ಅಂಚೆಗೆ ದುಡ್ಡು, ಚಂದಾದಾರರಿಗೆ ಕಾಗದದ ಮೇಲೆ ಕಾಗದ. ಹೊರಗೆ ಮುಖ ತೋರಿಸಬಾರದೆಂದು ಊರು ಕಟ್ಟಳೆ ಹಾಕಿದ್ದ ಹೆಣ್ಣುಮಗಳು ಇಷ್ಟನ್ನೂ ನಡೆಸಿದರು.

ಒಬ್ಬರೇ ಅಲ್ಲ. ಆರ್. ಕಲ್ಯಾಣಮ್ಮನವರು 1921ರಲ್ಲಿ ಬೆಂಗಳೂರಿನಲ್ಲಿ ‘ಸರಸ್ವತಿ’ ಮಾಸಪತ್ರಿಕೆ ಶುರುಮಾಡಿ ನಾಲ್ಕು ದಶಕ ನಡೆಸಿದರು. ಒಂದು ಪತ್ರಿಕೆಯನ್ನು ನಾಲ್ಕು ವರ್ಷ ನಡೆಸಿ ಕೈ ಸುಟ್ಟುಕೊಂಡ ಗಂಡಸರು ನನ್ನ ಗಿರಾಕಿಗಳಲ್ಲೇ ಬೇಕಾದಷ್ಟು ಮಂದಿ ಇದ್ದಾರೆ. ಇನ್ನು ಬೆಂಗಳೂರು ನಾಗರತ್ನಮ್ಮ. ಅವರು ಹುಟ್ಟಿದ್ದೂ ನಂಜನಗೂಡಿನಲ್ಲೇ, 1878ರಲ್ಲಿ. ಹದಿನೆಂಟನೆಯ ಶತಮಾನದಲ್ಲಿ ಮುದ್ದುಪಳನಿ ಎಂಬ ಕವಯಿತ್ರಿ ತೆಲುಗಿನಲ್ಲಿ ಬರೆದ ‘ರಾಧಿಕಾ ಸಾಂತ್ವನಮು’ ಕಾವ್ಯವನ್ನು ಹುಡುಕಿ, ತಿದ್ದಿ, 1910ರಲ್ಲಿ ಅಚ್ಚು ಹಾಕಿಸಿದರು. ಬ್ರಿಟಿಷ್ ಸರ್ಕಾರ ಅದು ಅಶ್ಲೀಲ ಎಂದು ಬಹಿಷ್ಕಾರ ಹಾಕಿತು. ಬಿಡುಗಡೆಯಾಗಲು 1947 ಬರಬೇಕಾಯಿತು.

ಈಗ ಇಂಗ್ಲೆಂಡಿಗೆ ಬನ್ನಿ. ನಿಮ್ಮ ಮನೆಯ ಮಗುವನ್ನು ಕಾನ್ವೆಂಟಿಗೆ ಹಾಕಿದ್ದೀರಲ್ಲ, ಮೊದಲ ದಿನವೇ ‘ಬಾ ಬಾ ಬ್ಲ್ಯಾಕ್ ಶೀಪ್’ ಕಲಿತು ಬರುತ್ತದೆ. ಆ ಪದ್ಯ ಅಚ್ಚಾದ ಹಳೆಯ ಪುಟ್ಟ ಪುಸ್ತಕವನ್ನು ಸುಮಾರು 1744ರಲ್ಲಿ ಲಂಡನ್ನಿನಲ್ಲಿ ಹೊರತಂದವರು ಯಾರು ಗೊತ್ತೆ? ಮೇರಿ ಕೂಪರ್ ಎಂಬ ಹೆಂಗಸು. ಗಂಡ 1743ರಲ್ಲಿ ತೀರಿಕೊಂಡ ಮೇಲೆ 1761ರವರೆಗೆ ಆಕೆಯೇ ಪುಸ್ತಕ ವ್ಯಾಪಾರ ನಡೆಸಿದಳು. ಅದಕ್ಕೂ ಮುಂಚೆ ಟೇಸ್ ಸೋಲ್ ಎಂಬಾಕೆ 1691ರಲ್ಲಿ ಅಪ್ಪನ ಪ್ರೆಸ್ಸನ್ನು ಕೈಗೆ ತೆಗೆದುಕೊಂಡು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಕ್ವೇಕರ್ ಪಂಥದ ಪುಸ್ತಕಗಳನ್ನು ಅಚ್ಚುಹಾಕಿದಳು. ಆನ್ ಡಾಡ್, ಎಲಿಜಬೆತ್ ನಟ್ ಎಂಬಿಬ್ಬರು ಪತ್ರಿಕೆ, ಕರಪತ್ರ ಮಾರುವ ಅಂಗಡಿ ಇಟ್ಟಿದ್ದರು. ಸರ್ಕಾರವನ್ನು ಬೈದ ಹಾಳೆ ಮಾರಿದ್ದಕ್ಕೆ ಇಬ್ಬರನ್ನೂ ಹಿಡಿದು ವಿಚಾರಣೆಗೆ ಎಳೆದರು.

ಇದನ್ನು ಯಾಕೆ ಹೇಳುತ್ತಿದ್ದೇನೆ? ಬಿಳಿಯರನ್ನು ಹೊಗಳುವುದಕ್ಕಲ್ಲ. ಅಲ್ಲಿನ ಹೆಂಗಸರೂ ನಮ್ಮವರಂತೆಯೇ ಬಹುಪಾಲು ಅಪ್ಪ, ಗಂಡನ ಹಿಂದೆಯೇ ಈ ಕಸುಬಿಗೆ ಬಂದವರು. ಆದರೆ ಒಂದು ವ್ಯತ್ಯಾಸ ಇತ್ತು. ಲಂಡನ್ನಿನ ಪುಸ್ತಕ ಕಸುಬಿನವರ ಸಂಘದ ಕಟ್ಟಳೆಯಲ್ಲಿ ಗಂಡ ಸತ್ತರೆ ಹೆಂಡತಿ ಅಂಗಡಿ ಮುಂದುವರಿಸಬಹುದಿತ್ತು. ಅವಳ ಹೆಸರು ಪುಸ್ತಕದ ಮೇಲೆ ಅಚ್ಚಾಗುತ್ತಿತ್ತು. ಆ ಹೆಸರಿಗೆ ಜನ ಸಾಲ ಕೊಟ್ಟರು, ಪುಸ್ತಕ ಕೊಟ್ಟರು, ಸರ್ಕಾರದವರು ಬಂದಾಗ ಆ ಹೆಸರನ್ನೇ ಹುಡುಕಿಕೊಂಡೂ ಬಂದರು. ಇವತ್ತು ಪಂಡಿತರು ಆ ಹೆಂಗಸರ ಚರಿತ್ರೆ ಬರೆಯಲು ಸಾಧ್ಯವಾಗಿದ್ದೂ ಆ ಒಂದು ಸಾಲಿನ ಹೆಸರಿನಿಂದಲೇ. ಹೆಸರು ಶೋಕಿಗಲ್ಲ ಸ್ವಾಮಿ. ಹೆಸರೆಂದರೆ ಹಕ್ಕು, ಹೆಸರೆಂದರೆ ಹೊಣೆ.

ಈಗ ನಮ್ಮ ನಾಲ್ಕು ತಾಲೂಕು ನೋಡಿ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ. ಇಲ್ಲಿ ಪುಸ್ತಕದ ಅಂಗಡಿ ಎಂದರೆ ಗೈಡು, ನೋಟ್‌ಬುಕ್ಕು, ಪೆನ್ನು. ಕಥೆ ಕಾದಂಬರಿ ಬೇಕೆಂದರೆ ಮೈಸೂರಿನ ಬಸ್ಸು ಹತ್ತಬೇಕು. ಪ್ರೆಸ್ಸುಗಳು ಬದುಕಿರುವುದು ಲಗ್ನಪತ್ರಿಕೆ, ಬಿಲ್ ಬುಕ್ಕು, ಜಾತ್ರೆಯ ಕರಪತ್ರ, ಎಲೆಕ್ಷನ್ ಪೋಸ್ಟರಿನಲ್ಲಿ. ವರ್ಷಕ್ಕೆ ಒಂದೆರಡು ಕವನ ಸಂಕಲನ, ಒಂದು ಸ್ಮರಣ ಸಂಚಿಕೆ ಬಂದರೆ ಅದೇ ಹಬ್ಬ. ಇಂಥ ಸಣ್ಣ ಪ್ರೆಸ್ಸುಗಳ ಒಳಗೆ ಹೋಗಿ ನೋಡಿ. ಕಂಪ್ಯೂಟರಿನ ಮುಂದೆ ಕೂತು ಕನ್ನಡ ಕುಟ್ಟುವವಳು ಹುಡುಗಿ. ಫಾರಂ ಮಡಿಸುವವರು, ಪುಟ ಜೋಡಿಸುವವರು, ದಾರ ಹೊಲಿಯುವವರು, ಅಂಟು ಹಚ್ಚುವವರು ಹೆಂಗಸರು. ಮನೆಯ ಹಿಂಬದಿ ಜಗುಲಿಯಲ್ಲಿ ಅಡಿಗೆ ಮುಗಿಸಿ ಬಂದು ಬೈಂಡಿಂಗಿಗೆ ಕೂರುವವಳು ಮಾಲೀಕನ ಹೆಂಡತಿ. ಪುಸ್ತಕದಲ್ಲಿ ಹೆಸರು? ಮಾಲೀಕನದು.

ನಮ್ಮ ಕಡೆ ಹೊಗೆಸೊಪ್ಪಿನ ಕಥೆಯೂ ಇದೇ ಅಲ್ಲವೇ? ಸೊಪ್ಪು ಕಡ್ಡಿಗೆ ಕಟ್ಟುವವರು ಹೆಂಗಸರು, ಬೋರ್ಡಿನ ಲೈಸೆನ್ಸು ಬಹುಪಾಲು ಗಂಡಸಿನ ಹೆಸರಲ್ಲಿ.

ಇದಕ್ಕಿಂತ ದೊಡ್ಡ ತಮಾಷೆ ಇನ್ನೊಂದಿದೆ. ಕೆಲವು ಪುಸ್ತಕಗಳಲ್ಲಿ ಪ್ರಕಾಶಕಿಯ ಹೆಸರು ಇರುತ್ತದೆ, ಆದರೆ ಆ ಹೆಂಗಸಿಗೆ ಪುಸ್ತಕ ಅಚ್ಚಾದದ್ದೇ ಗೊತ್ತಿರುವುದಿಲ್ಲ. ಗ್ರಂಥಾಲಯದ ಸಗಟು ಖರೀದಿಗೆ ಇನ್ನೊಂದು ಪ್ರಕಾಶನದ ಹೆಸರು ಬೇಕು, ಹೆಂಡತಿಯ ಹೆಸರಲ್ಲಿ ಒಂದು ಹುಟ್ಟುತ್ತದೆ. ಸಹಿ ಅವಳದು, ಚೆಕ್ಕು ಅವನದು. ದುಡಿದವಳ ಹೆಸರಿಲ್ಲ, ಹೆಸರಿದ್ದವಳಿಗೆ ಕೆಲಸವೂ ಇಲ್ಲ, ಕಾಸೂ ಇಲ್ಲ. ಇದು ಯಾವ ನ್ಯಾಯ?

‘ಹೆಸರಿನಿಂದ ಹೊಟ್ಟೆ ತುಂಬುತ್ತದೆಯೇ?’ ಎಂದು ಕೆಲವರು ಕೇಳುತ್ತಾರೆ. ತುಂಬುತ್ತದೆ. ನಮ್ಮ ಕಡೆಯ ಒಂದು ಊರಿನಲ್ಲಿ ಪ್ರೆಸ್ಸಿನ ಮಾಲೀಕರೊಬ್ಬರು ತೀರಿಕೊಂಡರು. ಅವರ ಹೆಂಡತಿಗೆ ಮೊಳೆ ಜೋಡಿಸುವುದರಿಂದ ಹಿಡಿದು ಲೆಕ್ಕ ಬರೆಯುವವರೆಗೆ ಎಲ್ಲ ಗೊತ್ತಿತ್ತು. ಆದರೆ ಕಾಗದದವರ ಪುಸ್ತಕದಲ್ಲಿ, ಬ್ಯಾಂಕಿನಲ್ಲಿ, ಬಿಲ್ಲಿನ ಮೇಲೆ ಎಲ್ಲೂ ಆಕೆಯ ಹೆಸರಿರಲಿಲ್ಲ. ಕಾಗದದವನು ಕಡ ಕೊಡಲಿಲ್ಲ. ಗಿರಾಕಿಗಳು ‘ಇನ್ನು ಯಾರು ಮಾಡಿಕೊಡುತ್ತಾರೆ’ ಎಂದು ಬೇರೆ ಕಡೆ ಹೋದರು. ವರ್ಷ ತುಂಬುವುದರೊಳಗೆ ಮೆಷಿನ್ನು ಗುಜರಿಗೆ ಹೋಯಿತು, ಮೊಳೆಗಳು ಸೀಸದ ತೂಕಕ್ಕೆ ಹೋದವು. ಮುನ್ನೂರು ವರ್ಷದ ಹಿಂದೆ ಲಂಡನ್ನಿನ ವಿಧವೆಗೆ ಸಿಕ್ಕಿದ್ದು ನಮ್ಮೂರಿನ ಹೆಂಗಸಿಗೆ ಸಿಕ್ಕಲಿಲ್ಲ. ಅವರಿಗೆ ಕಸುಬು ಗೊತ್ತಿರಲಿಲ್ಲವೆಂದಲ್ಲ. ಕಾಗದದ ಮೇಲೆ ಹೆಸರಿರಲಿಲ್ಲ, ಅಷ್ಟೇ.

ಇನ್ನೊಂದು ವಿಷಯ ನಿಮಗೆ ತಿಳಿದಿರಲಿ. ಪುಸ್ತಕದಲ್ಲಿ ಮುದ್ರಕರ, ಪ್ರಕಾಶಕರ ಹೆಸರು, ಊರು ಹಾಕಲೇಬೇಕೆಂದು 1867ರ ಕಾಯಿದೆ ಹೇಳುತ್ತಿತ್ತು. ಬ್ರಿಟಿಷರು ಅದನ್ನು ಮಾಡಿದ್ದು ನಮ್ಮ ಮೇಲೆ ಕಣ್ಣಿಡುವುದಕ್ಕೇ ಇರಬಹುದು, ಆದರೆ ಅದರಿಂದ ಒಂದು ದಾಖಲೆ ಉಳಿಯಿತು. 2023ರಲ್ಲಿ ಹೊಸ ಕಾಯಿದೆ ಬಂತು, 2024ರ ಮಾರ್ಚ್ 1ರಿಂದ ಜಾರಿಯಾಯಿತು. ಅದು ಪತ್ರಿಕೆ, ನಿಯತಕಾಲಿಕಗಳಿಗೆ ಮಾತ್ರ. ಪುಸ್ತಕವನ್ನು ಅದರಿಂದ ಕೈಬಿಟ್ಟರು. ಇನ್ನು ಮುಂದೆ ಆ ನಾಲ್ಕು ಸಾಲು ಉಳಿಯುವುದು ಬಿಡುವುದು ಹೆಚ್ಚಾಗಿ ನಮ್ಮ ನಿಮ್ಮ ಅಭ್ಯಾಸದ ಮೇಲೆ.

ಅಭ್ಯಾಸ ತಪ್ಪಿದರೆ ಏನಾಗುತ್ತದೆ ಎನ್ನುವುದಕ್ಕೆ ಮತ್ತೆ ತಿರುಮಲಾಂಬ ಅವರನ್ನೇ ನೋಡಿ. ಅಷ್ಟು ದುಡಿದ ಹೆಣ್ಣುಮಗಳನ್ನು ಕನ್ನಡನಾಡು ಮರೆತೇಬಿಟ್ಟಿತು. ಬೆಂಗಳೂರಿನ ಎನ್.ಎಂ.ಕೆ.ಆರ್.ವಿ. ಕಾಲೇಜಿನ ಪ್ರಿನ್ಸಿಪಾಲರಾಗಿದ್ದ ಚಿ.ನ. ಮಂಗಳಾ ಅವರು ಹುಡುಕಿಕೊಂಡು ಹೊರಟಾಗ ಆಕೆ ಮದ್ರಾಸಿನಲ್ಲಿ ಬದುಕಿದ್ದರು! ತೊಂಬತ್ತರ ಆಸುಪಾಸಿನ ವಯಸ್ಸು. ಕನ್ನಡದ ಮೊದಲ ಪ್ರಕಾಶಕಿ ಬದುಕಿದ್ದಾರೋ ಇಲ್ಲವೋ ಎಂಬುದೇ ಕನ್ನಡಿಗರಿಗೆ ಗೊತ್ತಿರಲಿಲ್ಲ. 1982ರಲ್ಲಿ ಆಕೆ ತೀರಿಕೊಂಡರು. ಕನ್ನಡಕ್ಕೆ ಅನ್ಯಾಯ ಹೊರಗಿನವರಿಂದ ಮಾತ್ರ ಆಗುತ್ತದೆ ಎಂದುಕೊಂಡಿದ್ದೀರಾ? ಇದನ್ನು ಮಾಡಿದವರು ಯಾರು? ಯಾವ ಮಾರ್ವಾಡಿಯೂ ಅಲ್ಲ, ಯಾವ ಪಕ್ಕದ ರಾಜ್ಯದವನೂ ಅಲ್ಲ. ನಾವೇ.

ಆದರೂ ಆ ದಾರಿ ಮುಚ್ಚಿಲ್ಲ. ಡಾ. ವಿಜಯಾ ಅವರು ‘ಇಳಾ’ ಹೆಸರಿನಲ್ಲಿ ಬೆಂಗಳೂರಿನಲ್ಲಿ ಪ್ರೆಸ್ಸನ್ನೂ ಪ್ರಕಾಶನವನ್ನೂ ನಡೆಸಿದರು. ಅವರ ಆತ್ಮಕತೆ ‘ಕುದಿ ಎಸರು’ 2019ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು. ಅಕ್ಷತಾ ಹುಂಚದಕಟ್ಟೆ ಶಿವಮೊಗ್ಗದಿಂದ ‘ಅಹರ್ನಿಶಿ’ ಪ್ರಕಾಶನ ಕಟ್ಟಿದರು. ಗೌರಿ ಲಂಕೇಶ್ 2005ರಲ್ಲಿ ತನ್ನ ಹೆಸರಿನಲ್ಲೇ ವಾರಪತ್ರಿಕೆ ಶುರುಮಾಡಿದರು. 2017ರ ಸೆಪ್ಟೆಂಬರ್ 5ರಂದು ಮನೆಯ ಮುಂದೆಯೇ ಗುಂಡಿಗೆ ಬಲಿಯಾದರು. ಅವರ ಮಾತು ಒಪ್ಪಿ, ಬಿಡಿ. ಅಚ್ಚಾದ ಮಾತಿನ ಕೆಳಗೆ ಹೆಸರು ಹಾಕಿ ನಿಲ್ಲುವುದು ಎಷ್ಟು ದುಬಾರಿಯಾಗಬಹುದು ಎನ್ನುವುದಂತೂ ಅಂದು ನಾಡಿಗೇ ಗೊತ್ತಾಯಿತು.

ತಮ್ಮಂದಿರೇ, ತಂಗಿಯರೇ, ಬೋರ್ಡಿನಲ್ಲಿ ಕನ್ನಡ ಬರಲಿ ಎಂದು ಬೀದಿಗಿಳಿಯುವವರು ನೀವು. ಇಳಿಯಲೇಬೇಕು. ಅದರ ಜೊತೆಗೆ ಇಷ್ಟು ಮಾಡಿ.

ನಿಮ್ಮ ಸಂಘದ ರಾಜ್ಯೋತ್ಸವದ ಸಂಚಿಕೆ ಅಚ್ಚಿಗೆ ಕೊಡುವಾಗ ಅತಿಥಿಗಳ ಫೋಟೋಗೆ ಆರು ಪುಟ ಕೊಡುತ್ತೀರಲ್ಲ, ಅಕ್ಷರ ಜೋಡಿಸಿದವರು ಯಾರು, ಹೊಲಿದವರು ಯಾರು ಎಂದು ಪ್ರೆಸ್ಸಿನಲ್ಲಿ ಕೇಳಿ ಒಂದು ಸಾಲು ಹಾಕಿಸಿ. ಅದಕ್ಕೆ ಒಂದು ಪೈಸೆ ಹೆಚ್ಚಿಗೆ ಬೀಳುವುದಿಲ್ಲ, ಪ್ರೆಸ್ಸಿನವನಾಗಿ ನಾನೇ ಹೇಳುತ್ತಿದ್ದೇನೆ. ಹೆಂಗಸರೇ ನಿಜವಾಗಿ ನಡೆಸುವ ಪ್ರಕಾಶನದ ಪುಸ್ತಕವನ್ನು ದುಡ್ಡು ಕೊಟ್ಟು ತೆಗೆದುಕೊಳ್ಳಿ, ಗೌರವ ಪ್ರತಿ ಕೇಳಬೇಡಿ. ಪ್ರೆಸ್ಸು, ಅಂಗಡಿ ಇಟ್ಟಿರುವ ಅಣ್ಣಂದಿರಿಗೆ ಒಂದು ಮಾತು: ಮನೆಯಾಕೆ ದುಡಿಯುತ್ತಿದ್ದರೆ ಲೈಸೆನ್ಸಿನಲ್ಲಿ, ಬ್ಯಾಂಕಿನಲ್ಲಿ ಆಕೆಯ ಹೆಸರನ್ನೂ ಸೇರಿಸಿ, ನೀವು ಬದುಕಿರುವಾಗಲೇ.

ಕೊನೆಯದಾಗಿ, ಈ ಸಲ ಊರಿಗೆ ಬಂದಾಗ ಅಜ್ಜಿಯ ಮನೆಯ ಅಟ್ಟ ಹತ್ತಿ. ಹಳೆಯ ಟ್ರಂಕು ತೆಗೆಯಿರಿ. ಗೆದ್ದಲು ಹಿಡಿಯದೆ ಉಳಿದ ಹಳೆಯ ಪುಸ್ತಕ ಸಿಕ್ಕಿದರೆ ರದ್ದಿಗೆ ಹಾಕುವ ಮುಂಚೆ ಒಳಪುಟದ ಬೆನ್ನು ನೋಡಿ. ‘ಸತೀ ಹಿತೈಷಿಣಿ’ ಎಂದಿದ್ದರೆ, ‘ಸರಸ್ವತಿ’ ಎಂದಿದ್ದರೆ ಜೋಪಾನವಾಗಿ ಮೈಸೂರು ವಿಶ್ವವಿದ್ಯಾನಿಲಯದ ಕುವೆಂಪು ಕನ್ನಡ ಅಧ್ಯಯನ ಸಂಸ್ಥೆಗೆ ತಲುಪಿಸಿ. ರದ್ದಿಯವನು ಕೊಡುವುದು ಕೇಜಿಗೆ ಹತ್ತೋ ಹದಿನೈದೋ ರೂಪಾಯಿ. ಕನ್ನಡದ ಹೆಣ್ಣುಮಗಳೊಬ್ಬಳು ಪೈಸೆ ಪೈಸೆ ಕೂಡಿಸಿ ಅಚ್ಚುಹಾಕಿದ್ದನ್ನು ಆ ತೂಕಕ್ಕೆ ಮಾರಬೇಡಿ.