ಎತ್ತುವ ಶಕ್ತಿ ಬೇರೆ, ಕೊಂಡಿಯ ಭಾರ ಬೇರೆ

ಚಕ್ಕಡಿ ಹೇರುವಾಗ ನಮ್ಮ ಹಿರಿಯರು ನೊಗ ಎತ್ತಿ ನೋಡುತ್ತಿದ್ದರು. ಮುಂದೆ ಭಾರವಾದರೆ ಎತ್ತಿನ ಹೆಗಲು ಕುಸಿಯುತ್ತದೆ. ಹಿಂದೆ ಭಾರವಾದರೆ ನೊಗ ಮೇಲೆದ್ದು ಕೊರಳಿನ ಜತ್ತಿಗೆ ಬಿಗಿಯುತ್ತದೆ. ಟ್ರ್ಯಾಕ್ಟರ್ ಬಂದ ಮೇಲೆ ಈ ಬುದ್ಧಿ ಬಿಟ್ಟೆವು.

ಹೋದ ವರ್ಷ ಬಿಂಕದಕಟ್ಟಿಯಿಂದ ಗದಗ ಎಪಿಎಂಸಿಗೆ ಎರಡು ಗಾಲಿಯ ಟ್ರೇಲರಿನಲ್ಲಿ ಉಳ್ಳಾಗಡ್ಡಿ ಒಯ್ಯುತ್ತಿದ್ದೆ. ಚೀಲ ಎಲ್ಲಾ ಮುಂದಕ್ಕೇ ಒಟ್ಟಿದ್ದೆವು. ಏರು ಹತ್ತುವಾಗ ಟ್ರ್ಯಾಕ್ಟರಿನ ಮುಂದಿನ ಗಾಲಿಗಳು ನೆಲ ಬಿಟ್ಟವು. ಸ್ಟೇರಿಂಗ್ ತಿರುವಿದರೂ ಕೇಳಲಿಲ್ಲ. ಮಗ ಮಡ್‌ಗಾರ್ಡ್ ಮೇಲೆ ಕುಂತಿದ್ದ. ದೇವರ ದಯೆ, ಉಳಿದೆವು.

'1500 ಕಿಲೋ ಎತ್ತತೈತ್ರಿ' ಅಂತ ಮಾರುವವರು ಹೇಳುತ್ತಾರೆ. ಅದು ಹೈಡ್ರಾಲಿಕ್ಕು ನೇಗಿಲು, ಕುಂಟೆ ಎತ್ತುವ ಲೆಕ್ಕ, ಟ್ರೇಲರಿನದಲ್ಲ. ಟ್ರೇಲರಿಗೆ ಎಳೆಯುವ ಭಾರ ಒಂದು, ಕೊಂಡಿಯ ಮೇಲೆ ಕೂರುವ ಭಾರ ಇನ್ನೊಂದು. ಅಮೆರಿಕದಲ್ಲಿ ದೊಡ್ಡ ಜೀಪಿನಂಥ ಗಾಡಿಗಳಿಗೆ ಇವೆರಡನ್ನೂ ಬೇರೆಬೇರೆ ಬರೆದಿರುತ್ತಾರೆ. ಟ್ರೇಲರಿನ ಒಟ್ಟು ತೂಕದಲ್ಲಿ ನೂರಕ್ಕೆ 10ರಿಂದ 15 ಪಾಲು ಕೊಂಡಿಯ ಮೇಲಿರಬೇಕೆಂಬುದು ಅಲ್ಲಿಯ ರೂಢಿ. ನಾಲ್ಕು ಗಾಲಿಯ ಟ್ರೇಲರಾದರೆ ಭಾರವೆಲ್ಲ ತನ್ನ ಗಾಲಿಗಳ ಮೇಲೇ ಇರುತ್ತದೆ, ಕೊಂಡಿಗೆ ಬಹುಮಟ್ಟಿಗೆ ಎಳೆತ ಮಾತ್ರ.

ಟ್ರ್ಯಾಕ್ಟರ್ ಕೊಳ್ಳುವಾಗ ಎಷ್ಟು ಎಚ್‌ಪಿ ಅಂತ ಕೇಳುವ ನಾವು, ಕೊಂಡಿ ಎಷ್ಟು ಭಾರ ತಡೆಯುತ್ತದೆ ಅಂತಲೂ ಕೇಳಬೇಕು. ಟ್ರೇಲರ್ ಕಟ್ಟುವವರು ಖಾಲಿ ತೂಕ, ಹೇರುವ ಮಿತಿ ಎರಡನ್ನೂ ಅದರ ಮೈಮೇಲೆ ಬರೆದು ಕೊಡಲಿ. ಬರೆಯದಿದ್ದರೆ ಕಡೆಯ ಕಂತು ಕೊಡುವುದು ಬೇಡ. ಹೇರುವಾಗ ಭಾರ ಗಾಲಿಯ ಅಚ್ಚಿನ ಮೇಲೆ, ತುಸುವೇ ಮುಂದಕ್ಕೆ ಬರಲಿ. ಒಂದು ಟ್ರಿಪ್ಪು ಹೆಚ್ಚಾದರೆ ಡೀಸೆಲ್ ಹೋದೀತು; ಮನಿ ಮಗ ಉಳಿಯತಾನ.