ಆಸ್ತಿಪಟ್ಟಿಯಲ್ಲಿ ಮನುಷ್ಯ

1831ರಲ್ಲಿ ಅಮೆರಿಕದ ದಕ್ಷಿಣ ಕ್ಯಾರೊಲಿನಾದ ಇಪ್ಪತ್ಮೂರು ವರ್ಷದ ವಕೀಲನೊಬ್ಬನು ಶ್ರೀಮಂತ ಮನೆತನದ ಕನ್ಯೆಯೊಬ್ಬಳನ್ನು ವಿವಾಹವಾದನು. ಆ ವಿವಾಹದಿಂದ ಅವನ ಕೈಸೇರಿದ ಸಿಲ್ವರ್ ಬ್ಲಫ್ ಎಂಬ ಎಸ್ಟೇಟಿನಲ್ಲಿ ಭೂಮಿ, ಕಟ್ಟಡ, ದನಕರುಗಳ ಜೊತೆಗೆ 147 ಮಂದಿ ಮನುಷ್ಯರೂ ಇದ್ದರು. ಅವರೂ ಆಸ್ತಿಯೇ. ವರನ ಹೆಸರು ಜೇಮ್ಸ್ ಹೆನ್ರಿ ಹ್ಯಾಮಂಡ್. ಲೆಕ್ಕ ಬರೆಯುವುದರಲ್ಲಿ ಅವನು ಬಲು ಶಿಸ್ತಿನವನು. ಹುಟ್ಟಿದವರು, ಸತ್ತವರು, ಬೆಳೆದ ಫಸಲು, ಎಲ್ಲವನ್ನೂ ದಾಖಲಿಸಿಟ್ಟನು. ಮೊದಲ ಹತ್ತು ವರ್ಷಗಳಲ್ಲಿ ಆ ಎಸ್ಟೇಟಿನ ಗುಲಾಮರ ಪೈಕಿ ಹುಟ್ಟಿದವರಿಗಿಂತ ಸತ್ತವರೇ ಹೆಚ್ಚು. ಆತ್ಮಸಾಕ್ಷಿಯುಳ್ಳ ಯಾವನೇ ಲೆಕ್ಕಿಗನು ಆ ಪುಟದ ಮುಂದೆ ತಡೆದು ನಿಲ್ಲುತ್ತಿದ್ದನು. ಹ್ಯಾಮಂಡ್ ಲೇಖನಿಯನ್ನು ಎತ್ತಿಕೊಂಡದ್ದು ಆ ಪದ್ಧತಿಯ ಸಮರ್ಥನೆಗಾಗಿ.

ಗುಲಾಮಗಿರಿಯ ಪಕ್ಷಪಾತಿಗಳೆಲ್ಲರೂ ಅನಕ್ಷರಸ್ಥ ಕ್ರೂರಿಗಳಾಗಿದ್ದರೆಂದು ಭಾವಿಸುವುದು ಸುಖಕರವಾದ ಭ್ರಮೆ. ಹ್ಯಾಮಂಡ್ ಕಾಲೇಜು ಓದಿದವನು, ವಾಗ್ಮಿ, 1842ರಿಂದ 1844ರವರೆಗೆ ತನ್ನ ರಾಜ್ಯದ ಗವರ್ನರ್, 1857ರಿಂದ ಸೆನೆಟರ್. 1836ರಲ್ಲಿ ಸಂಸತ್ತಿನ ಕೆಳಮನೆಯಲ್ಲಿ ನಿಂತು ಗುಲಾಮಗಿರಿ ಪಾಪವಲ್ಲ, ದೇವರು ತನ್ನ ನಾಡಿಗಿತ್ತ ವರವೆಂದು ವಾದಿಸಿದನು. ಅದರ ವಿರುದ್ಧದ ಮನವಿಗಳನ್ನು ಸದನವು ಸ್ವೀಕರಿಸಲೇಬಾರದೆಂದು ಹಟ ಹಿಡಿದವರಲ್ಲಿ ಅವನು ಮುಂಚೂಣಿಯವನು. ಅಷ್ಟು ದೊಡ್ಡ ವರವಾಗಿದ್ದರೆ ಒಂದು ಮನವಿಪತ್ರಕ್ಕೆ ಅಂಜುವುದೇಕೆ? 1845ರಲ್ಲಿ ಇಂಗ್ಲೆಂಡಿನ ವೃದ್ಧ ವಿಮೋಚನಾವಾದಿ ಥಾಮಸ್ ಕ್ಲಾರ್ಕ್‌ಸನ್‌ಗೆ ಬರೆದ ಬಹಿರಂಗ ಪತ್ರಗಳಲ್ಲಿ ಬೈಬಲ್ಲನ್ನೂ ಅರ್ಥಶಾಸ್ತ್ರವನ್ನೂ ಸಾಕ್ಷಿಗೆ ಕರೆದನು. 1858ರ ಮಾರ್ಚ್ 4ರಂದು ಸೆನೆಟ್‌ನಲ್ಲಿ ಮಾಡಿದ ಭಾಷಣವು ಅವನ ಹೆಸರನ್ನು ಇತಿಹಾಸದಲ್ಲಿ ಉಳಿಸಿತು. ಮನೆಗೆ ಮಣ್ಣಿನಲ್ಲಿ ಹೂತ ಅಡಿತೊಲೆ ಹೇಗೋ ಹಾಗೆ ಪ್ರತಿಯೊಂದು ಸಮಾಜಕ್ಕೂ ಕೀಳು ಕೆಲಸ ಮಾಡುವ ಒಂದು ವರ್ಗ ಬೇಕು. ಉತ್ತರದವರು ಅದನ್ನು ದಿನಗೂಲಿಗೆ ಇಟ್ಟುಕೊಂಡು ಹಸಿವಿಗೆ ಬಿಡುತ್ತಾರೆ, ದಕ್ಷಿಣದವರು ಜೀವಮಾನವಿಡೀ ಸಾಕುತ್ತಾರೆ. ಇದು ಅವನ ತರ್ಕ.

ಆ ಸಾಕುವಿಕೆಯ ಒಳಮನೆ ಹೇಗಿತ್ತು? 1839ರಲ್ಲಿ ಸ್ಯಾಲಿ ಜಾನ್ಸನ್ ಎಂಬ ಹದಿನೆಂಟರ ತರುಣಿಯನ್ನು ಅವಳ ಕೂಸು ಲೂಯಿಸಾಳೊಡನೆ ಕೊಂಡು ತನ್ನ ಭೋಗಕ್ಕಿಟ್ಟುಕೊಂಡನು. ಲೂಯಿಸಾಗೆ ಹನ್ನೆರಡು ತುಂಬಿದಾಗ ಅವಳನ್ನೂ ಬಿಡಲಿಲ್ಲ. 1856ರಲ್ಲಿ ಮಗ ಹ್ಯಾರಿಗೆ ಬರೆದ ಪತ್ರದಲ್ಲಿ, ಈ ಸ್ತ್ರೀಯರನ್ನೂ ತನ್ನ ರಕ್ತದಿಂದ ಹುಟ್ಟಿದ ಅವರ ಮಕ್ಕಳನ್ನೂ ಪರರಿಗೆ ಮಾರದೆ ಕುಟುಂಬದೊಳಗೇ ಗುಲಾಮರನ್ನಾಗಿ ಉಳಿಸಿಕೊಳ್ಳಬೇಕೆಂದೂ ಅವರಿಗೆ ಅದೇ ಪರಮಸುಖವೆಂದೂ ತಿಳಿಸಿದನು. ಗುಲಾಮರ ಒಡೆಯರು ಕಾಮುಕರೆಂಬ ಆರೋಪವನ್ನು ಕ್ಲಾರ್ಕ್‌ಸನ್‌ಗೆ ಬರೆದ ಪತ್ರದಲ್ಲಿ ತಳ್ಳಿಹಾಕಿದವನೂ ಇವನೇ. ಸ್ವಂತ ಮಕ್ಕಳನ್ನೇ ಆಸ್ತಿಪಟ್ಟಿಯಿಂದ ತೆಗೆಯಲಾರದವನ ತರ್ಕಕ್ಕೆ ಬೇರೆ ಖಂಡನೆ ಬೇಕಿಲ್ಲ.

ಅದೇ 1858ರ ಭಾಷಣದಲ್ಲಿ ಹ್ಯಾಮಂಡ್ ಹತ್ತಿಯನ್ನು ರಾಜನೆಂದು ಕರೆದಿದ್ದನು. ದಕ್ಷಿಣದ ಹತ್ತಿ ಮೂರು ವರ್ಷ ನಿಂತರೆ ಇಂಗ್ಲೆಂಡ್ ಕುಸಿಯುವುದೆಂಬುದು ಅವನ ಗರ್ವ. 1861ರಲ್ಲಿ ಯುದ್ಧ ಬಂತು, ಹತ್ತಿ ನಿಂತಿತು. ಲ್ಯಾಂಕಷೈರಿನ ಕಾರ್ಮಿಕರು ಹಸಿದರು, ಆದರೆ ಇಂಗ್ಲೆಂಡ್ ಕುಸಿಯಲಿಲ್ಲ. ಅದರ ವ್ಯಾಪಾರಿಗಳು ಮುಂಬಯಿಯ ಕಡೆಗೆ ತಿರುಗಿದರು. 1853ರಲ್ಲಿ ಥಾಣೆಗೂ 1854ರಲ್ಲಿ ಕಲ್ಯಾಣಕ್ಕೂ ಬಂದಿದ್ದ ರೈಲುಮಾರ್ಗವು 1863ರಲ್ಲಿ ಭೋರ್ ಘಾಟನ್ನು ಏರಿ ಒಳನಾಡಿಗೂ ಬಂದರಿಗೂ ಸಂಬಂಧ ಬೆಸೆಯಿತು. ಹ್ಯಾಮಂಡ್ 1864ರ ನವೆಂಬರಿನಲ್ಲಿ ಸತ್ತನು. ಮರುವರ್ಷದ ಡಿಸೆಂಬರಿನಲ್ಲಿ ಅಮೆರಿಕದ ಸಂವಿಧಾನವು ಗುಲಾಮಗಿರಿಯನ್ನು ನಿಷೇಧಿಸಿತು. 1873ರಲ್ಲಿ ಮಹಾತ್ಮ ಜೋತಿರಾವ್ ಫುಲೆಯವರು ತಮ್ಮ ‘ಗುಲಾಮಗಿರಿ’ ಗ್ರಂಥವನ್ನು ಆ ವಿಮೋಚನೆಗೆ ದುಡಿದ ಅಮೆರಿಕದ ಸಜ್ಜನರಿಗೆ ಅರ್ಪಿಸಿದರು. ದೂರದ ದಾಸ್ಯದ ಕಥೆಯನ್ನು ಅವರು ಓದಿದ್ದು ಸಮೀಪದ ದಾಸ್ಯವನ್ನು ಕಾಣುವುದಕ್ಕಾಗಿ.

ಸಮೀಪದ ದಾಸ್ಯ ಥಾಣೆ ಜಿಲ್ಲೆಯಲ್ಲಿಯೇ ಇತ್ತು. ಮದುವೆಗೆಂದು ಸಾಹುಕಾರನಿಂದ ಸಾಲ ಪಡೆದ ವಾರಲಿ ಯುವಕನು ಹೆಂಡತಿಯೊಡನೆ ಅವನ ಜೀತಕ್ಕೆ ಬೀಳುತ್ತಿದ್ದನು. ಅಂಥವನಿಗೆ ‘ಲಗ್ನಗಡಿ’ ಎಂದೇ ಹೆಸರು. 1930ರ ದಶಕದ ಕೊನೆಯಲ್ಲಿ ಸಿಮಿಂಗ್ಟನ್ ಎಂಬ ಬ್ರಿಟಿಷ್ ಅಧಿಕಾರಿ ಸರ್ಕಾರಕ್ಕೆ ಕೊಟ್ಟ ವರದಿಯಲ್ಲಿ ಈ ಪದ್ಧತಿ ದಾಖಲಾಗಿದೆ. 1945ರಲ್ಲಿ ಗೋದಾವರಿ ಮತ್ತು ಶಾಮರಾವ್ ಪರುಳೇಕರ್ ದಂಪತಿಗಳ ನಾಯಕತ್ವದಲ್ಲಿ ವಾರಲಿಗಳು ಎದ್ದು ನಿಂತ ಮೇಲೆಯೇ ಅದರ ಬೇರು ಸಡಿಲಿತು. ದಕ್ಷಿಣ ಕನ್ನಡದ ಚೋಮನ ಮಕ್ಕಳು ಸಾಲ ತೀರಿಸಲು ಘಟ್ಟದ ತೋಟಕ್ಕೆ ಹೋದ ಕಥೆಯನ್ನು ಕಾರಂತರು 1933ರಲ್ಲಿಯೇ ಬರೆದಿದ್ದರು. ಅದನ್ನೋದಿ ಕಣ್ಣೀರು ಮಿಡಿದ ಕನ್ನಡಿಗರಲ್ಲಿ ಎಷ್ಟೋ ಮಂದಿ ಇಂದು ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳ ಬಹುಮಹಡಿ ಮನೆಗಳಲ್ಲಿ ವಾಸಿಸುತ್ತಾರೆ. ಆ ಗೋಡೆಗಳ ಇಟ್ಟಿಗೆ ಎಲ್ಲಿಯದು?

ಮಳೆಗಾಲದಲ್ಲಿ ಕೂಲಿಯಿಲ್ಲದ ಕಾತಕರಿ ಕುಟುಂಬವು ಭಟ್ಟಿಯ ಮಾಲೀಕನಿಂದ ಮುಂಗಡ ಪಡೆಯುತ್ತದೆ. ಮಳೆ ನಿಂತ ಮೇಲೆ ಗಂಡ, ಹೆಂಡತಿ, ಮಕ್ಕಳು ಗುಡಿಸಲು ಬಿಟ್ಟು ಭಟ್ಟಿಯ ಬದಿಗೆ ಬರುತ್ತಾರೆ. ಸಾವಿರ ಇಟ್ಟಿಗೆಗೆ ಇಷ್ಟೆಂದು ಜೋಡಿಗೆ ಒಂದೇ ದರ. ವಾರಕ್ಕೊಮ್ಮೆ ಹೊಟ್ಟೆಯ ಖರ್ಚಿಗೆ ಸ್ವಲ್ಪ ಹಣ. ಲೆಕ್ಕ ಮುಗಿಯುವುದು ಬೇಸಿಗೆಯ ಕೊನೆಗೆ. ಪುಸ್ತಕ ಇರುವುದು ಮಾಲೀಕನ ಬಳಿ. ಬಾಕಿ ಉಳಿದರೆ ಮುಂದಿನ ವರ್ಷವೂ ಅಲ್ಲಿಯೇ. 1976ರ ಜೀತಪದ್ಧತಿ ನಿರ್ಮೂಲನ ಕಾಯ್ದೆಯು ಇಂಥ ಸಾಲವನ್ನು ಅಳಿಸಿಹಾಕಿದೆ. ಸಾಲ ಜೀತದ್ದಲ್ಲವೆಂದು ಸಾಧಿಸುವ ಹೊಣೆಯನ್ನು ಸಾಲ ಕೊಟ್ಟವನ ಮೇಲೆಯೇ ಹೊರಿಸಿದೆ. ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟು ದುಡಿಸುವುದೂ ಬಲವಂತದ ದುಡಿಮೆಯೇ ಎಂದು 1982ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿದೆ. ಆದರೂ ‘ಕಾರ್ಮಿಕರ ಮುಂಗಡ’ವೆಂಬ ಸಾಧು ಶೀರ್ಷಿಕೆಯಡಿ ಆ ಮೊತ್ತವು ಆಸ್ತಿಯ ಬದಿಯಲ್ಲಿ ಕುಳಿತೇ ಇರುತ್ತದೆ. ಕಾನೂನು ಅಳಿಸಿದ ಸಾಲವು ಪುಸ್ತಕದಲ್ಲಿ ಆಸ್ತಿಯಾಗಿ ಉಳಿಯುವುದೆಂದರೆ, ಅಲ್ಲಿ ಬರೆದಿಟ್ಟಿರುವುದು ಹಣವನ್ನಲ್ಲ, ಮನುಷ್ಯನನ್ನು.

ಇದನ್ನು ಪ್ರಶ್ನಿಸಿದರೆ ಸಿಗುವ ಉತ್ತರಗಳು ಪರಿಚಿತವೇ: ಮುಂಗಡ ಕೇಳಿದವರು ಅವರೇ, ಮಳೆಗಾಲದಲ್ಲಿ ಅವರನ್ನು ಬದುಕಿಸಿದ್ದು ಆ ಹಣವೇ, ಕೈಗೆ ಪೂರ್ತಿ ಕೂಲಿ ಕೊಟ್ಟರೆ ಕುಡಿದು ಹಾಳುಮಾಡುತ್ತಾರೆ, ಯಾರಾದರೂ ಈ ಕೆಲಸ ಮಾಡಲೇಬೇಕಲ್ಲ. ಇವುಗಳಲ್ಲಿ ಹ್ಯಾಮಂಡ್‌ಗೆ ಒಪ್ಪಿಗೆಯಾಗದ ಮಾತು ಒಂದೂ ಇಲ್ಲ. ಕಾತಕರಿಗೂ ಅಮೆರಿಕದ ಗುಲಾಮನಿಗೂ ಭೇದವಿಲ್ಲವೇ? ಇದೆ. ಕಾತಕರಿಯನ್ನು ಸಂತೆಯಲ್ಲಿ ಹರಾಜು ಹಾಕುವುದಿಲ್ಲ. ಕಾನೂನು ಅವನ ಪಕ್ಷದಲ್ಲಿದೆ. ಕಾನೂನೇ ಗುಲಾಮಗಿರಿಯ ಪಕ್ಷದಲ್ಲಿದ್ದ ಕಾಲದ ಹ್ಯಾಮಂಡನಿಗಿಂತ, ಕಾನೂನನ್ನು ಮುರಿದು ಅದೇ ಮಾತಾಡುವವನ ಅಪರಾಧ ಈ ಭೇದದಿಂದಲೇ ಹೆಚ್ಚು ಭಾರವಾಗುತ್ತದೆ.

ಶ್ರಾವಕನಿಗೆ ಈ ವಿಷಯ ಹೊರಗಿನದಲ್ಲ. ಹನ್ನೆರಡನೆಯ ಶತಮಾನದ ಹೇಮಚಂದ್ರಾಚಾರ್ಯರ ಯೋಗಶಾಸ್ತ್ರವು ವರ್ಜಿಸಬೇಕಾದ ಹದಿನೈದು ಜೀವನೋಪಾಯಗಳನ್ನು ಹೇಳುವಾಗ ಇಟ್ಟಿಗೆ ಸುಡುವುದನ್ನು ಅಂಗಾರಕರ್ಮದಲ್ಲಿ ಸೇರಿಸಿದೆ; ದಾಸರನ್ನು ಮಾರುವುದನ್ನು ಕೇಶವಾಣಿಜ್ಯದಲ್ಲಿ ಸೇರಿಸಿದೆ. ತತ್ತ್ವಾರ್ಥಸೂತ್ರವು ಕಟ್ಟಿಹಾಕುವುದು, ಅತಿಭಾರ ಹೇರುವುದು, ಅನ್ನಪಾನ ತಡೆಯುವುದು ಇವುಗಳನ್ನು ಅಹಿಂಸಾಣುವ್ರತದ ಅತಿಚಾರಗಳೆಂದು ಎಣಿಸಿದೆ. ಆದರೆ ಅದೇ ಗ್ರಂಥವು ಪರಿಗ್ರಹ ಪರಿಮಾಣ ವ್ರತವನ್ನು ವಿವರಿಸುವಾಗ ಹೊಲ, ಬಂಗಾರ, ಧಾನ್ಯಗಳ ಸಾಲಿನಲ್ಲಿ ದಾಸೀದಾಸರನ್ನೂ ನಿಲ್ಲಿಸಿ, ಮಿತಿ ಮೀರಬಾರದೆಂದಷ್ಟೇ ಹೇಳುತ್ತದೆ. ಆ ಕಾಲಕ್ಕೆ ಮಿತಿಯೂ ಸುಧಾರಣೆಯೇ ಆಗಿತ್ತು. ಇಂದು ಆ ಸಾಲಿನ ಮುಂದೆ ಬರೆಯಬಹುದಾದ ಸಂಖ್ಯೆ ಒಂದೇ: ಸೊನ್ನೆ. ಇದನ್ನು ಪ್ರವಚನಪೀಠದಿಂದ ಸ್ಪಷ್ಟವಾಗಿ ನುಡಿಯಲು ಸಂಕೋಚವೇಕೆ? ಭಟ್ಟಿಯ ಬೆಂಕಿಯಲ್ಲಿ ಬೇಯುವ ಕೀಟಕ್ಕಾಗಿ ಮರುಗುವವರು ಭಟ್ಟಿಯ ಬದಿಯಲ್ಲಿ ಸಾಲಕ್ಕೆ ಕಟ್ಟುಬಿದ್ದ ಕೂಸನ್ನು ಕಾಣದೆ ಹೋದರೆ, ಅದು ಅಹಿಂಸೆಯಲ್ಲ, ಆಚಾರದ ಅಭ್ಯಾಸ ಮಾತ್ರ.

ಬಸದಿ, ಭವನ, ವಿದ್ಯಾರ್ಥಿನಿಲಯಗಳನ್ನು ಕಟ್ಟಿಸುವ ಟ್ರಸ್ಟುಗಳು ಇಟ್ಟಿಗೆ ಕೊಳ್ಳುವ ಮುನ್ನ ವೇತನ ವಹಿಯನ್ನು ಕೇಳಲಿ. ಗೃಹಸಂಘಗಳು ಬಿಲ್ಡರನನ್ನು ಕೇಳಲಿ. ಲೆಕ್ಕಪರಿಶೋಧಕರು ಮುಂಗಡದ ಖಾತೆಯನ್ನು ತೆರೆದು, ಆ ಹೆಸರುಗಳು ವರ್ಷದಿಂದ ವರ್ಷಕ್ಕೆ ಏಕೆ ಬದಲಾಗಿಲ್ಲವೆಂದು ಪ್ರಶ್ನಿಸಲಿ. ಹ್ಯಾಮಂಡನ ವಹಿಗಳನ್ನು ಇಂದಿನ ಇತಿಹಾಸಕಾರರು ಅವನ ವಿರುದ್ಧದ ಸಾಕ್ಷ್ಯವಾಗಿ ಓದುತ್ತಾರೆ. ಕಲ್ಯಾಣದ ವಹಿಗಳನ್ನೂ ಮುಂದೊಂದು ದಿನ ಯಾರಾದರೂ ಓದುವರು; ಆಗ ಅದರಲ್ಲಿ ದಾನಿಗಳ ಹೆಸರೂ ಸಿಕ್ಕದಿರಲಿ.