ಮರೆಯೋದಲ್ಲ, ಎಚ್ಚರ ಇರೋದು



ಕಳೆದ ತಿಂಗಳು ಹಾವೇರಿಯಲ್ಲಿ ನಮ್ಮಂಥ ಗುಮಾಸ್ತರನ್ನೆಲ್ಲ ಒಂದು ಒತ್ತಡ ನಿವಾರಣೆ ತರಬೇತಿಗೆ ಕೂರಿಸಿದ್ದರು. "ಕಣ್ಣು ಮುಚ್ಚಿ. ಹಿಂದಿನದ್ದೆಲ್ಲ ಮರೆತುಬಿಡಿ. ಈ ಕ್ಷಣದಲ್ಲಿ ಇರಿ" ಅಂದರು ತರಬೇತಿ ಕೊಡೋಕೆ ಬಂದವರು. ನನಗೆ ಒಳಗೊಳಗೇ ಸಿಟ್ಟು ಬಂತು. ಹಿಂದಿನದ್ದು ಮರೀರಿ ಅಂತ ನಮಗೆ ಹೇಳೋರು ಯಾವತ್ತೂ ಇದ್ದೇ ಇದ್ದಾರೆ. ಕೆರೆ ನೀರು, ಚಹಾದಂಗಡಿಯ ಬೇರೆ ಲೋಟ, ಗುಡಿಯ ಹೊಸ್ತಿಲು, ಇದರಲ್ಲಿ ಯಾವುದನ್ನು ಮರೀಬೇಕು? ಖಾರವಾಗಿ ಒಂದು ಪೋಸ್ಟ್ ಹಾಕಬೇಕು ಅಂದ್ಕೊಂಡೆ. ಹಾಕಲಿಲ್ಲ. ಯಾಕೆ ಅಂತ ಹೇಳ್ತೀನಿ.

ಮರುವಾರ ಬ್ಯಾಡಗಿ ಕಡೆಯ ನಮ್ಮ ಅವ್ವ ಒಬ್ಬಾಕೆ ವಿಧವಾ ವೇತನದ ಅರ್ಜಿ ಹಿಡ್ಕೊಂಡು ನನ್ನ ಟೇಬಲ್ ಮುಂದೆ ನಿಂತಿದ್ದಳು. ಮೆಣಸಿನಕಾಯಿ ತೊಟ್ಟು ಬಿಡಿಸೋ ಕೆಲಸ. ಬ್ಯಾಡಗಿ ಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ ಅಂತಾರೆ, 2011ರಲ್ಲಿ ಜಿಐ ಮಾನ್ಯತೆನೂ ಸಿಕ್ಕಿತು. ದಿನವಿಡೀ ತೊಟ್ಟು ಮುರಿದ ಕೈ ಮಾತ್ರ ಉರೀತಾನೇ ಇರುತ್ತೆ.

ನನ್ನ ಕಣ್ಣು ಅರ್ಜಿ ಮೇಲಿತ್ತು. ತಲೆ ಮಾತ್ರ ಹಿಂದಿನ ರಾತ್ರಿ ವಾಟ್ಸಾಪ್ ಗುಂಪಿನಲ್ಲಿ ನಡೆದ ಮೀಸಲಾತಿ ಜಗಳದಲ್ಲಿ. ಒಬ್ಬನಿಗೆ ಉತ್ತರ ಜೋಡಿಸ್ತಾ ಇದ್ದೆ. "ಆಧಾರ್ ಪ್ರತಿ ಇಲ್ಲ, ನಾಳೆ ತಗೊಂಡು ಬಾ ಯವ್ವಾ" ಅಂದೆ.

"ನಾಳಿ ಅಂದ್ರ ಇನ್ನೊಂದು ದಿನದ ಕೂಲಿ ಹೋತು ತಮ್ಮಾ" ಅಂದಳು. ಅರ್ಜಿ ಟೇಬಲ್ ಮೇಲೇ ಬಿಟ್ಟು ಹೋದಳು.

ಸಂಜೆ ನೋಡಿದರೆ ಆಧಾರ್ ಪ್ರತಿ ಅರ್ಜಿಯ ಹಿಂದೆಯೇ ಪಿನ್ ಹಾಕಿತ್ತು.

ದಮನಿತರ ಪರವಾಗಿ ರಾತ್ರಿಯೆಲ್ಲ ಬರೆಯೋನು ನಾನು. ನಮ್ಮವಳೇ ಎದುರಿಗೆ ಬಂದು ನಿಂತಾಗ ನಾನು ಅಲ್ಲಿ ಇರಲೇ ಇಲ್ಲ.

ಅವತ್ತು ರಾತ್ರಿ ಬಾಬಾಸಾಹೇಬರ 'ಬುದ್ಧ ಮತ್ತು ಆತನ ಧಮ್ಮ' ತೆಗೆದೆ. ಅಷ್ಟಾಂಗ ಮಾರ್ಗದ ಏಳನೆಯದು ಸಮ್ಯಕ್ ಸ್ಮೃತಿ. ಬಾಬಾಸಾಹೇಬರು ಅದನ್ನು ಮನಸ್ಸಿನ ನಿರಂತರ ಎಚ್ಚರ ಅಂತಲೇ ವಿವರಿಸ್ತಾರೆ. ಪಾಲಿಯ 'ಸತಿ' ಅಂದರೆ ಸಂಸ್ಕೃತದ ಸ್ಮೃತಿ, ಅಂದರೆ ನೆನಪು. ನೋಡಿ, ಈ ಕ್ಷಣದಲ್ಲಿ ಇರೋದಕ್ಕೆ ಬುದ್ಧ ಬಳಸಿದ ಪದದೊಳಗೇ ನೆನಪು ಇದೆ, ಮರೆವು ಇಲ್ಲ. ಅಮೆರಿಕದಲ್ಲಿ ಜಾನ್ ಕಬಟ್-ಜಿನ್ 1979ರಲ್ಲಿ ಇದೇ ಅಭ್ಯಾಸವನ್ನು ದೀರ್ಘಕಾಲದ ನೋವಿನ ರೋಗಿಗಳಿಗೆ ಕಲಿಸೋಕೆ ಶುರು ಮಾಡಿದರು. ಅಲ್ಲಿಂದ ಅದು ಕಂಪನಿಗಳಿಗೆ ಹೋಯ್ತು, ಈಗ ಕಚೇರಿ ತರಬೇತಿಯಾಗಿ ನಮ್ಮ ಊರಿಗೇ ವಾಪಸ್ ಬಂದಿದೆ. ದಾರಿಯಲ್ಲಿ ಎಲ್ಲೋ ಬುದ್ಧನೂ ಕಳೆದುಹೋದ, ನೆನಪೂ ಕಳೆದುಹೋಯ್ತು.

ಬಾಬಾಸಾಹೇಬರು 1927ರ ಡಿಸೆಂಬರ್ 25ರಂದು ಮಹಾಡ್‌ನಲ್ಲಿ ಒಂದು ಸ್ಮೃತಿಯನ್ನು ಸುಟ್ಟರು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಧಮ್ಮದ ಜೊತೆ ಇನ್ನೊಂದು ಸ್ಮೃತಿಯನ್ನು ನಮ್ಮ ಕೈಗಿಟ್ಟರು. ಸುಟ್ಟಿದ್ದರ ದಿನವನ್ನು ನಾವು ಪ್ರತಿ ವರ್ಷ ಆಚರಿಸ್ತೀವಿ. ಕೈಗಿಟ್ಟಿದ್ದನ್ನು ದಿನಾ ಬಳಸ್ತೀವಾ?

ಸತಿಪಟ್ಠಾನ ಸುತ್ತದಲ್ಲಿ ಬುದ್ಧ ಮನಸ್ಸು ಖಾಲಿ ಮಾಡು ಅನ್ನೋದಿಲ್ಲ. ಸಿಟ್ಟು ತುಂಬಿದ ಮನಸ್ಸನ್ನು ಸಿಟ್ಟು ತುಂಬಿದ ಮನಸ್ಸು ಅಂತಲೇ ಅರಿ ಅನ್ನೋದು ಅದರ ಮಾತು. ನಮ್ಮ ಸಿಟ್ಟಿಗೆ ಕಾರಣ ಇದೆ, ಅದು ಇರಲಿ. ಆದರೆ ಅದು ನಮ್ಮ ಕೈಯಲ್ಲಿರಬೇಕು, ನಾವು ಅದರ ಕೈಯಲ್ಲಲ್ಲ.

ಈಗ ನಾನು ಮಾಡೋದು ಇಷ್ಟೇ. ಬೆಳಿಗ್ಗೆ ರಾಣೆಬೆನ್ನೂರಿನಲ್ಲಿ ಬಸ್ ಹತ್ತಿದರೆ ಮೋಟೆಬೆನ್ನೂರು ಬರೋವರೆಗೂ ಫೋನ್ ಜೇಬಿನಲ್ಲೇ. ಉಸಿರು ನೋಡ್ತೀನಿ. ಹತ್ತು ಸಲ ಮನಸ್ಸು ಓಡಿಹೋಗುತ್ತೆ, ಹತ್ತು ಸಲ ಕರ್ಕೊಂಡು ಬರ್ತೀನಿ. ಕಚೇರಿಯಲ್ಲಿ ಯಾರಾದರೂ ಎದುರಿಗೆ ನಿಂತರೆ ಮೊದಲು ಮುಖ ನೋಡ್ತೀನಿ, ಆಮೇಲೆ ಕಾಗದ. ದೊಡ್ಡ ಸಾಧನೆ ಏನಲ್ಲ, ಎಷ್ಟೋ ದಿನ ತಪ್ಪುತ್ತೆ.

ಸಂಗಾತಿಗಳೇ, ನಮ್ಮ ಗಮನವನ್ನು ಕದಿಯೋದೂ ನಮ್ಮನ್ನು ಸೋಲಿಸೋ ಒಂದು ದಾರಿ. ರಾತ್ರಿ ಎರಡು ಗಂಟೆವರೆಗೂ ಟ್ರೋಲ್‌ಗಳಿಗೆ ಉತ್ತರ ಕೊಟ್ಟರೆ, ಬೆಳಿಗ್ಗೆ ಕೇರಿಯವರ ಮಾತು ಕೇಳೋಕೆ ನಮ್ಮಲ್ಲಿ ಏನು ಉಳಿಯುತ್ತೆ?

ಆ ಅವ್ವನಿಗೆ ಅವತ್ತು ಸಂಜೆಯೇ ಫೋನ್ ಮಾಡಿ "ಬರೋದು ಬ್ಯಾಡ ಯವ್ವಾ, ತಪ್ಪು ನಂದು" ಅಂದೆ. ಅರ್ಜಿ ಮುಂದಕ್ಕೆ ಹೋಗಿದೆ. ಅವತ್ತಿನ ಕೂಲಿ ಮಾತ್ರ ವಾಪಸ್ ಬರಲಿಲ್ಲ. ಅದನ್ನು ನಾನು ಮರೆಯೋದಿಲ್ಲ.

ಜೈ ಭೀಮ್. ನಮೋ ಬುದ್ಧಾಯ.